ಸುಬೇದಾರರ ಟೊಪ್ಪಿಗೆ ಇಳಿಯದ ದಿನಗಳು

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ವಾರದಲ್ಲಿ ಎರಡು ದಿನ ಮಾತ್ರ ಲೆಫ್ಟಿನೆಂಟ್. ನಗಬೇಡಿ, ನಗಲಿಕ್ಕೆ ನಮ್ಮ ಮನೆಯವರೇ ಸಾಕಷ್ಟಿದ್ದಾರೆ. ಕಾಲೇಜಿನ ಕೆಡೆಟ್ ದಳಕ್ಕೆ, ಅಂದರೆ ಖಾಕಿ ತೊಟ್ಟು ಕವಾಯತು ಕಲಿಯುವ ಹುಡುಗ ಹುಡುಗಿಯರ ಗುಂಪಿಗೆ, ಅಧ್ಯಾಪಕರಲ್ಲೇ ಒಬ್ಬರು ಅಧಿಕಾರಿಯಾಗಿರಬೇಕು. ಹಳಬರು ನಿವೃತ್ತರಾದಾಗ ಪ್ರಾಚಾರ್ಯರು ಸ್ಟಾಫ್ ರೂಮಿಗೆ ಬಂದು "ಯಾರು ಆಗ್ತೀರಿ?" ಅಂತ ಕೇಳಿದರು. ಎಲ್ಲರೂ ತಮ್ಮ ತಮ್ಮ ಚಹಾದ ಕಪ್ಪಿನೊಳಗೆ ಇಣುಕತೊಡಗಿದರು. ತಲೆ ಎತ್ತಿ ನೋಡಿದವಳು ನಾನೊಬ್ಬಳೇ. ಮೂರು ತಿಂಗಳು ದೂರದ ಊರಿನಲ್ಲಿ ಬಿಸಿಲು ತಿಂದು, ಹೆಗಲಿಗೆ ಎರಡೆರಡು ನಕ್ಷತ್ರ ಹಚ್ಚಿಕೊಂಡು ಬಂದೆ.

ಕವಾಯತು ಕಲಿಸಲು ಸೈನ್ಯದಿಂದ ಇಬ್ಬರು ಬರುತ್ತಿದ್ದರು. ಒಬ್ಬರು ಸುಬೇದಾರರು, ಇನ್ನೊಬ್ಬರು ಅವರ ಕೈಕೆಳಗಿನ ಹವಾಲ್ದಾರರು. ಇವರಿಬ್ಬರ ಮೇಲೆ, ಕಾಗದದ ಲೆಕ್ಕದಲ್ಲಿ, ನಾನು. ನಮ್ಮೆಲ್ಲರ ಮೇಲೆ, ಸುತ್ತಲಿನ ಹತ್ತಾರು ಕಾಲೇಜುಗಳ ದಳ ನೋಡಿಕೊಳ್ಳುವ ಕರ್ನಲ್ ಸಾಹೇಬರು. ಸುಬೇದಾರರ ಹೆಗಲ ಮೇಲೂ ಎರಡೆರಡೇ ನಕ್ಷತ್ರ, ಜೊತೆಗೊಂದು ಕೆಂಪು ಹಳದಿ ಪಟ್ಟಿ. ಇಪ್ಪತ್ತೆಂಟು ವರ್ಷ ಹಿಮ, ಮರಳು ಎರಡನ್ನೂ ಕಂಡು ಪಡೆದ ನಕ್ಷತ್ರ ಅವರದು. ಮೂರು ತಿಂಗಳಲ್ಲಿ ಸಿಕ್ಕ ನನ್ನ ನಕ್ಷತ್ರಕ್ಕೆ ಅವರು ಸೆಲ್ಯೂಟ್ ಹೊಡೆಯಬೇಕು. ಮೊದಲ ಸಲ ಹೊಡೆದಾಗ ನಾನು ನಾಚಿ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿಬಿಟ್ಟೆ. ಕೆಡೆಟ್‌ಗಳ ಸಾಲಿನಲ್ಲಿ ಕಿಸಕ್ ಅಂತು.

ಅವತ್ತು ಮಧ್ಯಾಹ್ನ ಸ್ಟೋರ್ ರೂಮಿನ ಮುಂದಿನ ಬೇವಿನ ಮರದ ಕೆಳಗೆ ಅವರಿಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಸುಬೇದಾರರು ಧಾರವಾಡದ ಹತ್ತಿರದ ಹಳ್ಳಿಯ ಒಕ್ಕಲುತನದ ಮನೆಯವರು, ಹಣೆಯ ಮೇಲೆ ವಿಭೂತಿ ಇಲ್ಲದೆ ಮೈದಾನಕ್ಕೆ ಕಾಲಿಡದವರು. ಹವಾಲ್ದಾರರು ಹಳೇ ಹುಬ್ಬಳ್ಳಿಯ ಮುಸಲ್ಮಾನರ ಮನೆತನದವರು, ಅಣ್ಣಂದಿರದು ಗೋಕುಲ ರಸ್ತೆಯಲ್ಲಿ ಲಾರಿ ರಿಪೇರಿಯ ಗ್ಯಾರೇಜು. ಹವಾಲ್ದಾರರು ಶೇಂಗಾ ಹಿಂಡಿಗೆ, ಅಂದರೆ ಶೇಂಗಾ ಚಟ್ನಿಪುಡಿಗೆ, ಕೈ ಹಾಕಿದ್ದೇ ತಡ, ಸುಬೇದಾರರು ಚಮಚೆಯಿಂದ ಅವರ ಬೆರಳಿಗೆ ಟಕ್ಕಂತ ಬಡಿದು, "ಲೇ, ನಿನ್ನೆ ನಂದೂ ನೀನ ತಿಂದಿ" ಅಂದರು. "ಅಣ್ಣಾ, ವೈನಿ ಕೈ ರುಚಿ ಹಂಗೈತಿ, ನಾ ಏನ್ ಮಾಡ್ಲಿ" ಅಂತ ಅತ್ತಿಗೆಯನ್ನು ಹೊಗಳುತ್ತಾ ಇವರು ಮತ್ತೂ ಒಂದು ಚಿಟಿಕೆ ಎತ್ತಿದರು. ಊಟ ಮುಗಿಯಿತು. ಸುಬೇದಾರರು ಕೈ ತೊಳೆದು, ಬೆಂಚಿನ ಮೇಲಿಟ್ಟ ಟೊಪ್ಪಿಗೆ ಎತ್ತಿ ತಲೆಗಿಟ್ಟರು. ಅಷ್ಟೇ. ಹವಾಲ್ದಾರರು ಎದ್ದು ನೆಟ್ಟಗೆ ನಿಂತು, ಹಿಂದಿಯಲ್ಲಿ "ಸಾಬ್, ಪರೇಡ್ ತಯಾರ್" ಅಂದರು. ನಾನು ಬಾಯಿ ಬಿಟ್ಟು ನೋಡಿದೆ.

ಆಮೇಲೆ ಸುಬೇದಾರರೇ ತಿಳಿಸಿ ಹೇಳಿದರು. "ಟೊಪಗಿ ತಲಿ ಮ್ಯಾಲ ಇದ್ರ ನಾ ಸುಬೇದಾರ, ಅಂವ ಹವಾಲ್ದಾರ. ತಗದಿಟ್ರ ನಾ ಅಣ್ಣ, ಅಂವ ತಮ್ಮ. ಎರಡೂ ಖರೇನ. ಆದ್ರ ಎರಡೂ ಒಮ್ಮೆಲೇ ಇರಾಕ ಬರಂಗಿಲ್ಲ ನೋಡ್ರಿ."

ನನಗೂ ಅದೇ ನಿಯಮವಾಯಿತು. ಟೊಪ್ಪಿಗೆ ಇದ್ದಾಗ ನಾನು 'ಮೇಡಮ್', ತೆಗೆದಾಗ 'ಅಕ್ಕೋರ'. ನಮ್ಮ ಕಡೆ ಸಾಲಿಯಲ್ಲಿ ಪಾಠ ಹೇಳುವ ಹೆಂಗಸು ಎಷ್ಟು ಸಣ್ಣವಳಾದರೂ ಅಕ್ಕೋರೇ. ಬೇವಿನ ಕೆಳಗೆ ನನ್ನ ಡಬ್ಬಿಯೂ ಬಂತು. ಗುರುವಾರ ಶನಿವಾರಗಳ ಆ ಅರ್ಧ ತಾಸಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ ಅಂದರೆ ಸುಳ್ಳಲ್ಲ.

ಈಗ ನನ್ನ ತಪ್ಪಿನ ಕತೆ. ಅದಕ್ಕೆ ಮೊದಲು ನಮ್ಮ ಮನೆಯ ರೀತಿ ಹೇಳಬೇಕು. ನಮ್ಮಲ್ಲಿ ಯಾವ ಕೆಲಸವೂ ಮುಂಬಾಗಿಲಿನಿಂದ ಆದದ್ದಿಲ್ಲ. ಗ್ಯಾಸ್ ಬೇಕಾದರೆ ಗ್ಯಾಸಿನವನ ಮಾವನಿಗೆ ಒಂದು ಮಾತು, ಸೀಟು ಬೇಕಾದರೆ ಸೀಟು ಕೊಡುವವರ ಬೀಗರಿಗೆ ಒಂದು ಮಾತು. ಇದಕ್ಕೆ ನಮ್ಮ ಕಡೆ ವಶೀಲಿ ಅನ್ನುತ್ತಾರೆ. ನಮ್ಮವ್ವ ಇದರಲ್ಲಿ ಪಂಡಿತೆ. 'ದೇವರು ವರ ಕೊಟ್ಟರೂ ಪೂಜಾರಿ ಕೊಡ, ಅದಕ್ಕ ಪೂಜಾರಿ ಹೆಂಡತೀನ್ನ ಮೊದಲು ಮಾತಾಡಿಸು' ಅನ್ನುವುದು ಅವಳ ಜೀವನಸೂತ್ರ. ಮೊಲೆಹಾಲಿನ ಜೊತೆಗೇ ಇದನ್ನು ಕುಡಿದು ಬೆಳೆದವಳು ನಾನು. ಕರ್ನಲ್ ಸಾಹೇಬರು ಉತ್ತರದ ಕಡೆಯಿಂದ ವರ್ಗವಾಗಿ ಬಂದಾಗ ಸಪ್ತಾಪುರದಲ್ಲಿ ಅವರಿಗೆ ಬಾಡಿಗೆ ಮನೆ ಹುಡುಕಿ ಕೊಟ್ಟವಳೂ ನಾನೇ. ನಮ್ಮ ಓಣಿಯಿಂದ ಎರಡು ಓಣಿ ಆಚೆ. ಅವರ ಹೆಂಡತಿ ಮತ್ತು ನಾನು ಬೆಳಿಗ್ಗೆ ಜೊತೆಯಾಗಿ ಅಡ್ಡಾಡಲು ಹೋಗುತ್ತಿದ್ದೆವು.

ಮೇ ತಿಂಗಳ ಕ್ಯಾಂಪು ಹತ್ತಿರ ಬಂದಿತ್ತು. ಹತ್ತು ದಿನ, ನಾಲ್ಕು ನೂರು ಕೆಡೆಟ್‌ಗಳು, ಧಾರವಾಡದ ಹೊರಗಿನ ಗುಡ್ಡದ ಬಯಲಿನಲ್ಲಿ. ಜುಲೈಗೆ ನಿವೃತ್ತರಾಗುವ ಸುಬೇದಾರರಿಗೆ ಇದೇ ಕಡೆಯ ಕ್ಯಾಂಪು. ಕ್ಯಾಂಪಿನ ದಿನಗಳಲ್ಲಿ ಯಾರಿಗೂ ರಜೆ ಇಲ್ಲ. ಒಂದು ದಿನ ಸ್ಟೋರ್ ರೂಮಿನಲ್ಲಿ ಚಾದರು ಎಣಿಸುತ್ತಾ ಹವಾಲ್ದಾರರು ಎರಡು ಸಲ ಲೆಕ್ಕ ತಪ್ಪಿದರು. ಏನು ಅಂತ ಕೇಳಿದೆ.

"ಅಮ್ಮಾ ಹಜ್‌ಕ ಹೊಂಟಾಳ್ರಿ ಅಕ್ಕೋರ. ಹನ್ನೆರಡು ವರ್ಷದ ಆಸೆ ಆಕೀದು. ವಿಮಾನದ ತಾರೀಖು ನಿನ್ನೆ ಬಂತು, ಸರಿಯಾಗಿ ಕ್ಯಾಂಪಿನ ನಡುವ. ಬೆಂಗಳೂರಿನ್ಯಾಗ ವಿಮಾನ ಹತ್ತಿಸಿ ಬರಬೇಕು. ಅಣ್ಣಗೋಳು ಅದಾರ, ಅವರು ಹೊಕ್ಕಾರ. ಆಕಿ ಮಾತ್ರ ಸಣ್ಣ ಮಗ ಬರಬೇಕು ಅಂತಾಳ."

"ಸುಬೇದಾರ್ ಸಾಹೇಬ್ರಿಗೆ ಕೇಳೀರೇನು?"

"ಇಲ್ರಿ. ನೀವೂ ಅವರಿಗೆ ಹೇಳಬ್ಯಾಡ್ರಿ" ಅಂದು ಮತ್ತೆ ಚಾದರು ಎಣಿಸತೊಡಗಿದರು.

ನಾನು ಆಡಿದ ಮಾತಿಗೆ ತಪ್ಪುವವಳಲ್ಲ. ಸುಬೇದಾರರಿಗೆ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅಡ್ಡಾಡುವಾಗ ಕರ್ನಲ್ ಸಾಹೇಬರ ಹೆಂಡತಿಗೆ ಹೇಳಿದೆ. ಆ ಹೆಣ್ಣುಮಗಳು ನಿಂತ ಜಾಗದಲ್ಲೇ ಕಣ್ಣು ಒರೆಸಿಕೊಂಡರು. ನನಗೆ ಅವತ್ತು ಇಡೀ ದಿನ ನನ್ನ ಮೇಲೆ ನನಗೇ ಪ್ರೀತಿ.

ಶನಿವಾರ ಕರ್ನಲ್ ಸಾಹೇಬರು ಸಾಮಾನು ತಪಾಸಣೆಗೆ ಬಂದರು. ಡೇರೆ, ಬಂದೂಕು ಎಲ್ಲ ನೋಡಿ, ಜೀಪು ಹತ್ತುವ ಮುನ್ನ ಸುಬೇದಾರರ ಕಡೆ ತಿರುಗಿ, ಏರದ ದನಿಯಲ್ಲಿ ಹಿಂದಿಯಲ್ಲಿ ಕೇಳಿದರು. "ಸಾಹೇಬರೇ, ನಿಮ್ಮ ಹವಾಲ್ದಾರನ ತಾಯಿ ಹಜ್‌ಗೆ ಹೊರಟಿದ್ದಾರೆ ಅಂತ ನನಗೆ ನನ್ನ ಹೆಂಡತಿಯಿಂದ ತಿಳಿಯಬೇಕೇ? ನಿಮ್ಮ ಮನುಷ್ಯರ ಸುದ್ದಿ ನಿಮಗೇ ಇಲ್ಲವೇ? ಐದು ದಿನ ಕೊಟ್ಟು ಕಳಿಸಿ."

"ಜೀ ಸಾಬ್" ಅಂದರು ಸುಬೇದಾರರು.

ಪಕ್ಕದಲ್ಲೇ ನಿಂತಿದ್ದ ನಾನು, ದೇವರೇ, ಮುಗುಳ್ನಗುತ್ತಿದ್ದೆ. ಜೀಪು ಹೋಯಿತು. ಹವಾಲ್ದಾರರ ಮುಖ ಸುಣ್ಣದ ಬಣ್ಣಕ್ಕೆ ಬಂದಿತ್ತು. ಊಟದ ಹೊತ್ತಾದರೂ ಸುಬೇದಾರರು ಬೇವಿನ ಕೆಳಗೆ ಬರಲಿಲ್ಲ. ಸ್ಟೋರ್ ರೂಮಿನೊಳಗೆ ಕುರ್ಚಿಯ ಮೇಲೆ ಕೂತು, ಟೊಪ್ಪಿಗೆ ಇಟ್ಟುಕೊಂಡೇ ಒಬ್ಬರೇ ಉಂಡರು. ಹೊರಗೆ ಹವಾಲ್ದಾರರು ತಮ್ಮ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

ಅಂದಿನಿಂದ ಆ ಟೊಪ್ಪಿಗೆ ಇಳಿಯಲೇ ಇಲ್ಲ. ಕ್ಯಾಂಪಿನ ತಯಾರಿಗಾಗಿ ಈಗ ದಿನಾ ಬರುತ್ತಿದ್ದೆವು. ಬೆಳಿಗ್ಗೆ ಬರುವಾಗ ತಲೆಯ ಮೇಲೆ, ಸಂಜೆ ಬಸ್ಸು ಹತ್ತುವಾಗಲೂ ತಲೆಯ ಮೇಲೆ. ಮಾತೆಲ್ಲ ಹಿಂದಿ. ಸಿಡುಕಿಲ್ಲ, ಬೈಗುಳವಿಲ್ಲ, ಎಲ್ಲ ಕಟ್ಟುನಿಟ್ಟು. 'ಹವಾಲ್ದಾರ್, ಇದು ಮಾಡಿ', 'ಹವಾಲ್ದಾರ್, ಅದು ತನ್ನಿ'. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಾಲ್ಕನೆಯ ದಿನ ಹವಾಲ್ದಾರರನ್ನು ಮರೆಗೆ ಕರೆದು, "ರಜಾ ಸಿಕ್ತಲ್ರಿ, ಇನ್ನೇನು?" ಅಂದೆ. ಅವರು ನನ್ನ ಮುಖ ನೋಡದೆ ಹೇಳಿದರು.

"ನಾ ಹೋಗಂಗಿಲ್ರಿ. ನಮ್ಮ ಸಾಹೇಬ್ರ ತಲಿ ದಾಟಿ ಬಂದ ರಜಾ ನನಗ ಬ್ಯಾಡ. ನಾ ಕೇಳಿದ್ರ ಅವರು ಇಲ್ಲ ಅಂತಿದ್ದಿಲ್ರಿ, ಅದಕ್ಕ ಕೇಳಿರಲಿಲ್ಲ. ಫೈರಿಂಗ್ ಕಲಿಸೋರು ನಾವಿಬ್ಬರ. ಒಂದೊಂದು ಹುಡುಗರ ಬಾಜೂ ಮೊಣಕಾಲೂರಿ ಕುಂಡ್ರಬೇಕು, ದಿನಕ್ಕ ಎಂಬತ್ತು ಸಲ. ಅವರ ಮೊಣಕಾಲು ನೋವು ನೋಡೀರಲ್ಲ? ನಾ ಹೋದ್ರ ಅವರ ಕುಂಡ್ರತಾರ."

"ಹಂಗಾರ ಕರ್ನಲ್ ಸಾಹೇಬ್ರಿಗೆ ಹೇಳಿದ್ದು ನಾನು ಅಂತ ನಿಮ್ಮ ಸಾಹೇಬ್ರಿಗೆ ಹೇಳ್ಬೇಕಿಲ್ರಿ?"

"ಹೆಂಗ ಹೇಳ್ಲಿ? ನೀವು ಅಧಿಕಾರಿ. ನನ್ನ ಬಾಯಿಲೆ ನಿಮ್ಮ ಮ್ಯಾಲ ಚಾಡಿ ಬರಬಾರದು."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಅವರು ನನ್ನನ್ನು ಬಯ್ಯದೇ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು. ಅಲ್ಲಿಂದ ನೇರ ಸುಬೇದಾರರ ಮುಂದೆ ಹೋಗಿ ನಿಂತೆ. "ಅವರದೇನೂ ತಪ್ಪಿಲ್ರಿ. ನಾನ ಬಾಯಿ ಬಿಟ್ಟಿದ್ದು. ನನ್ನ ಉಸಾಬರಿ ಬುದ್ಧಿ. ತಪ್ಪಾತು."

ಸುಬೇದಾರರು ಎದ್ದು ಸೆಲ್ಯೂಟ್ ಹೊಡೆದರು. ಹಿಂದಿಯಲ್ಲಿ, "ಮೇಡಮ್, ನೀವು ಆಫೀಸರ್. ಆಫೀಸರ್ ನನ್ನ ಮುಂದೆ ನಿಂತು ತಪ್ಪಾಯಿತು ಅನ್ನುವ ಪದ್ಧತಿ ಇಲ್ಲ" ಅಂದರು. ನನ್ನ ಜನ್ಮದಲ್ಲಿ ಅಷ್ಟು ಚೆಂದದ ಸೆಲ್ಯೂಟಿಗೆ ಅಷ್ಟು ಅಳು ಬಂದದ್ದು ಅದೇ ಮೊದಲು.

ಅಮ್ಮ ಹೊರಡಲು ಎಂಟು ದಿನ ಉಳಿದಿತ್ತು. ಅವತ್ತು ಸಂಜೆ ಅಡ್ಡಾಡುವ ಗೆಳತಿಯಾಗಿ ಕರ್ನಲ್ ಸಾಹೇಬರ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಮರುದಿನ ಸಮವಸ್ತ್ರ ತೊಟ್ಟು ಕಚೇರಿಗೆ ಹೋದೆ, ಗುಮಾಸ್ತರಿಗೆ ಚೀಟಿ ಕೊಟ್ಟೆ, ಮುಕ್ಕಾಲು ತಾಸು ಬೆಂಚಿನ ಮೇಲೆ ಕಾದೆ. ನಮ್ಮವ್ವ ನೋಡಿದ್ದರೆ ಹಣೆ ಬಡಿದುಕೊಳ್ಳುತ್ತಿದ್ದಳು. ಒಳಗೆ ಕರೆದಾಗ ಸೆಲ್ಯೂಟ್ ಹೊಡೆದು, ನಡೆದದ್ದೆಲ್ಲ ಹೇಳಿ, ನೀವು ಕೊಟ್ಟ ರಜೆ ವಾಪಸು ತಗೊಳ್ಳಿ ಅಂದೆ.

"ರಜೆ ಕೊಡಿಸಿದವರೇ ರದ್ದು ಮಾಡಿಸಲು ಬಂದಿದ್ದೀರಿ" ಅಂತ ಅವರು ನಕ್ಕರು. ಆಮೇಲೆ ನಗು ಬಿಟ್ಟು, ಪೆನ್ನಿನ ಮುಚ್ಚಳ ತಿರುವುತ್ತಾ ಕೂತರು. "ನಾನೂ ಅವರನ್ನು ನಿಮ್ಮೆಲ್ಲರ ಎದುರಿಗೆ ಕೇಳಬಾರದಿತ್ತು. ತಮ್ಮ ಮನುಷ್ಯರ ಸುದ್ದಿ ಗೊತ್ತಿಲ್ಲ ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಮಾತು ಸುಬೇದಾರನಿಗೆ ಇಲ್ಲ." ಒಂದು ಕಾಗದದ ಮೇಲೆ ಎರಡು ಸಾಲು ಬರೆದರು. ತಮ್ಮ ಮಾತನ್ನು ಹಿಂತೆಗೆದುಕೊಂಡಿರುವುದಾಗಿ, ರಜೆಯ ವಿಚಾರ ಸುಬೇದಾರ್ ಸಾಹೇಬರ ತೀರ್ಮಾನಕ್ಕೆ ಬಿಟ್ಟಿದ್ದಾಗಿ. ನಾನು ಕೈ ಚಾಚಿದೆ. ಅವರು ಕಾಗದವನ್ನು ಟಪಾಲಿನ ತಟ್ಟೆಯಲ್ಲಿ ಇಟ್ಟರು. "ಇದು ಹೋಗುವ ದಾರಿಯಲ್ಲೇ ಹೋಗಲಿ."

ಹತ್ತು ನಿಮಿಷದ ಹಾದಿ. ಆ ಕಾಗದ ಕೊಂಕಣ ಸುತ್ತಿ ಮೈಲಾರಕ್ಕೆ ಬರಲು ಎರಡು ದಿನ ತೆಗೆದುಕೊಂಡಿತು. ಆ ಎರಡು ದಿನ ನನ್ನ ಕ್ಲಾಸಿನ ಹುಡುಗರು ನನ್ನಿಂದ ಏನು ಕಲಿತರೋ ಶಿವನೇ ಬಲ್ಲ.

ಬಂತು. ಸ್ಟೋರ್ ರೂಮಿನ ಮೂಲೆಯಲ್ಲಿ ನಾನು ನೀರಿನ ಬಾಟಲಿ ಜೋಡಿಸುತ್ತಿದ್ದೆ. ಸುಬೇದಾರರು ಕಾಗದ ಓದಿದರು, ಮಡಚಿದರು, ಜೇಬಿಗೆ ಹಾಕಿಕೊಂಡರು. "ಹವಾಲ್ದಾರ್!" ಅಂತ ಕೂಗಿದರು. ಹವಾಲ್ದಾರರು ಬಂದು ಸೆಲ್ಯೂಟ್ ಹೊಡೆದು ನಿಂತರು. ಏನಾದರೂ ಹೇಳುವುದಿದೆಯೇ ಅಂತ ಸುಬೇದಾರರು ಹಿಂದಿಯಲ್ಲಿ ಕೇಳಿದರು. ಹವಾಲ್ದಾರರು ಎದುರಿನ ಗೋಡೆ ನೋಡುತ್ತಾ, ತಾಯಿ ಹಜ್‌ಗೆ ಹೊರಟಿದ್ದಾಳೆ, ಐದು ದಿನ ರಜೆ ಬೇಕು ಅಂದರು.

"ರೇಂಜಿನ ಮೇಲೆ ಫೈರಿಂಗ್ ಯಾರು ನೋಡಬೇಕು?"

ಹವಾಲ್ದಾರರು ಗೋಡೆಯಿಂದ ಕಣ್ಣು ತೆಗೆದು ಸಾಹೇಬರ ಮೊಣಕಾಲು ನೋಡಿದರು. ಕಡೆಗೆ, "ಆಪ್, ಸಾಬ್" ಅಂದರು. ನೀವು.

ಸುಬೇದಾರರು ಟೊಪ್ಪಿಗೆ ತೆಗೆದು ಟೇಬಲ್ಲಿನ ಮೇಲಿಟ್ಟರು.

"ಇಷ್ಟು ಹೇಳಾಕ ಇಷ್ಟು ದಿನ ಬೇಕಾತೇನಲೇ, ಹುಚ್ಚಪ್ಯಾಲಿ?" ಡ್ರಾವರ್ ಎಳೆದು ಒಂದು ರಜೆ ಚೀಟಿ ಹೊರತೆಗೆದರು. ಎಲ್ಲ ಅವರ ಕೈಯಲ್ಲೇ ತುಂಬಿದ್ದು, ಅವರ ಸಹಿ ಬಿದ್ದದ್ದು. ತಾರೀಖು ನೋಡಿದೆ. ನಾನು ಬಾಯಿ ಬಿಡುವುದಕ್ಕೆ ಎರಡು ದಿನ ಮುಂಚಿನದು. "ತಾರೀಖು ಬಂದ ದಿನಾನ ಅಮ್ಮಾ ನನಗ ಫೋನ್ ಮಾಡಿದ್ಳು. ಅಂವ ತಾನಾಗೇ ಬಂದು ಕೇಳ್ಲಿ, ನನ್ನ ಕೈಲೇ ಕೊಡೂಣು ಅಂತ ಇಟಗೊಂಡು ಕುಂತಿದ್ನಿ. ಕಡೀ ಕ್ಯಾಂಪು ನಂದು. ಅಷ್ಟೂ ನನಗ ಬಿಡಲಿಲ್ಲ ನೀವು."

ಹವಾಲ್ದಾರರು ನಿಂತಲ್ಲೇ ಅತ್ತರು. ನಲವತ್ತರ ಗಂಡಸು, ಸಣ್ಣ ಹುಡುಗರ ಹಾಗೆ ತೋಳಿನಿಂದ ಮೂಗು ಒರೆಸಿಕೊಂಡರು. ಸುಬೇದಾರರು ಅವರ ಬೆನ್ನಿಗೆ ದಪ್ಪಂತ ಒಂದು ಗುದ್ದು ಕೊಟ್ಟು, "ನಡೀ, ಲಗೂ ನಡೀ, ಆಕಿ ಕಾಯಾಕತ್ತಾಳ" ಅಂದರು. ನನಗೂ ಅಳು ತಡೆಯಲಿಲ್ಲ, ಸೊರ್ರಂತ ಸದ್ದಾಯಿತು. ಸುಬೇದಾರರು ತಿರುಗಿ ನನ್ನನ್ನು ನೋಡಿದರು. ಟೊಪ್ಪಿಗೆ ಎತ್ತಿ ಮತ್ತೆ ತಲೆಗಿಟ್ಟರು.

"ಮೇಡಮ್" ಅಂದು ಹೊರಗೆ ನಡೆದರು.

ತಮ್ಮನಿಗೆ ಮಾಫಿ ಆಗಿತ್ತು, ನನಗೆ ಆಗಿರಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. ಅಧಿಕಾರಿಗೆ ಮಾಫಿ ಕೊಡುವ ಪದ್ಧತಿಯೇ ಇಲ್ಲವಲ್ಲ.

ಕ್ಯಾಂಪು ಸುರುವಾಯಿತು. ಕೆಂಪು ಮಣ್ಣು, ಮೇ ತಿಂಗಳ ಬಿಸಿಲು. ಬೆಳಿಗ್ಗೆ ಆರಕ್ಕೆ ರೇಂಜಿನ ಮೇಲೆ ಮೊದಲ ಹುಡುಗಿ ಬಂದೂಕು ಹಿಡಿದು ಬೋರಲು ಮಲಗಿದಾಗ, ಸುಬೇದಾರರು ಮೊಣಕಾಲೂರಲು ಬಗ್ಗಿದರು. ನಾನು ಅವರಿಗಿಂತ ಮುಂಚೆ ಹೋಗಿ ಊರಿ ಕೂತುಬಿಟ್ಟೆ. "ನೀವು ನಿಂತು ಹುಕುಂ ಕೊಡ್ರಿ. ಮೊಣಕಾಲು ನನ್ನದಿರಲಿ." ಅವರು ಬೆನ್ನು ನೆಟ್ಟಗೆ ಮಾಡಿ, "ಜೀ ಮೇಡಮ್" ಅಂದರು. ಹಾಗೇ ನಡೆಯಿತು. ಬಂದೂಕಿನ ಹಿಂತುದಿ ಹೆಗಲಿಗೆ ಒತ್ತಿದೆಯೇ, ಉಸಿರು ಹಿಡಿದಿದ್ದಾರೆಯೇ, ಎಲ್ಲ ಅವರು ಹಿಂದೆ ನಿಂತು ಹೇಳುವರು, ನಾನು ಮಾಡಿಸುವೆನು. ಮೂರನೆಯ ದಿನಕ್ಕೆ ನನ್ನ ಮೊಣಕಾಲಿನ ಚರ್ಮ ಕಿತ್ತಿತ್ತು. ಅವರು ಹುಡುಗರ ಕೈಯಲ್ಲಿ ಒಂದು ಗೋಣಿತಟ್ಟು ಕಳಿಸಿದರು, ಮಡಚಿ ಕೆಳಗೆ ಹಾಸಿಕೊಳ್ಳಲಿ ಅಂತ. ತಾವು ಬಂದು ಕೊಡಲಿಲ್ಲ.

ಐದನೆಯ ದಿನ ಹತ್ತು ಗಂಟೆಗೆ ಫೈರಿಂಗ್ ಮುಗಿದು ಕೆಡೆಟ್‌ಗಳು ಸಾಲಾಗಿ ಹೋದರು. ಜಾಲಿಯ ನೆರಳಿನಲ್ಲಿ ಸುಬೇದಾರರು ಮರದ ಪೆಟ್ಟಿಗೆಯ ಮೇಲೆ ಕೂತು, ನಾಲ್ಕು ಹೆಜ್ಜೆ ಆಚೆ ನಾನು ಬೇರೆ ಕಡೆ ತಿರುಗಿದ್ದೇನೆಂದು ಟೊಪ್ಪಿಗೆ ತೆಗೆದು ಬೆವರು ಒರೆಸುತ್ತಿದ್ದರು. ಫೋನ್ ಬಂತು. ಹೆಸರು ನೋಡಿ, "ಹೇಳಲೇ, ಹತ್ತಿಸಿದ್ಯಾ?" ಅಂದರು. ಆಮೇಲೆ ಅವರು ಮಾಡಿದ್ದನ್ನು ನಾನು ಈ ಕಣ್ಣಿನಿಂದ ನೋಡಿದೆ. ಟೊಪ್ಪಿಗೆ ತಲೆಗಿಟ್ಟು ಸರಿಮಾಡಿಕೊಂಡು, ನೋಯುವ ಮೊಣಕಾಲಿನ ಮೇಲೆ ಎದ್ದು, ನೆಟ್ಟಗೆ ನಿಂತರು.

"ಹಾಂ ಅಮ್ಮಾ. ಹೇಳ್ರಿ."

ಹಿಂದೆ ಹವಾಲ್ದಾರರು ಹೊಸ ಸಿಪಾಯಿಯಾಗಿದ್ದಾಗ, ಇವರು ರಜೆಗೆ ಬಂದಾಗಲೆಲ್ಲ ಹಳೇ ಹುಬ್ಬಳ್ಳಿಯ ಆ ಮನೆಗೆ ಹೋಗಿ ಮಗನ ಸುದ್ದಿ ಮುಟ್ಟಿಸಿ, ಈದ್ ಇದ್ದರೆ ಶಾವಿಗೆಯ ಸುರಕುಂಬಾ ಕುಡಿದು ಬರುತ್ತಿದ್ದರಂತೆ. ಅಂದಿನಿಂದ ಇವರು ಆಕೆಯ ದೊಡ್ಡ ಮಗ. ದೂರದೂರಿಗೆ ಮಾತಾಡುತ್ತಿದ್ದೇನೆಂದು ಅಮ್ಮ ಜೋರಾಗಿ ಕೂಗುತ್ತಿದ್ದರು. ಒಂದೊಂದು ಮಾತೂ ನನಗೆ ಕೇಳಿತು.

"ಬೇಟಾ, ಹಜ್‌ಕ ಹೋಗೋರು ಎಲ್ಲಾರ ಹಂತೇಕ ಮಾಫಿ ಕೇಳಿ ಹೋಗಬೇಕು. ನಾ ಏನರ ಅಂದಿದ್ರ ಮಾಫ್ ಮಾಡು."

"ನೀವೇನ್ ಅಂದೀರಿ ಅಮ್ಮಾ, ಬಿಡ್ರಿ."

"ಮಾಡೇನಿ ಅನ್ನು."

"ಮಾಡೇನ್ರಿ."

"ಆ ಸಾಲಿ ಕಲಿಸೋ ಹೆಣ್ಣುಮಗಳ್ದೂ ಮಾಫ್ ಮಾಡು. ಪಾಪ, ನನ್ನ ಸಲುವಾಗಿ ಮಾಡ್ಯಾಳ. ನಾ ಅಲ್ಲಿ ಹೋಗಿ ನಿಂತಾಗ ನನ್ನ ಹೆಸರಿನ್ಯಾಗ ಯಾರ ಸಿಟ್ಟೂ ಇಲ್ಲಿ ಉಳೀಬಾರದು."

ಸುಬೇದಾರರು ಒಂದು ಸಲ ನನ್ನ ಕಡೆ ನೋಡಿದರು. "ಜೀ ಅಮ್ಮಾ" ಅಂದರು. ಕರ್ನಲ್ ಸಾಹೇಬರಿಗೆ "ಜೀ ಸಾಬ್" ಅಂದದ್ದೂ ಅದೇ ದನಿಯಲ್ಲಿ.

ಫೋನು ಜೇಬಿಗಿಟ್ಟು, ನನ್ನ ಹತ್ತಿರ ನಡೆದು ಬಂದು ಸೆಲ್ಯೂಟ್ ಹೊಡೆದರು. "ಮೇಡಮ್, ಮ್ಯಾಲಿಂದ ಆರ್ಡರ್ ಬಂದೈತ್ರಿ."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಕರ್ನಲ್ ಸಾಹೇಬ್ರದೇನ್ರಿ?" ಅಂದೆ.

"ಅವರಕಿಂತ ಮ್ಯಾಲಿಂದ." ಟೊಪ್ಪಿಗೆ ತೆಗೆದು ಪೆಟ್ಟಿಗೆಯ ಮೇಲಿಟ್ಟರು. ಬೆವರಿಗೆ ವಿಭೂತಿ ಅರ್ಧ ಕರಗಿತ್ತು. "ಬರ್ರಿ ಅಕ್ಕೋರ, ಕುಂಡ್ರಿ. ಹೊಟ್ಟಿ ಹಸದೈತಿ."

ಡಬ್ಬಿ ಬಿಚ್ಚಿದರು. ರೊಟ್ಟಿ, ಮೊಸರು, ಆ ಶೇಂಗಾ ಹಿಂಡಿ. ಹತ್ತು ಹನ್ನೆರಡು ದಿನದಿಂದ ಸತ್ತಿದ್ದ ಹಸಿವೆಲ್ಲ ನನಗೆ ಒಮ್ಮೆಲೇ ಬಂತು. ಎರಡನೆಯ ಸಲ ಹಿಂಡಿಗೆ ಕೈ ಹಾಕಿದೆನೋ ಇಲ್ಲವೋ, ಸುಬೇದಾರರು ಚಮಚೆಯಿಂದ ನನ್ನ ಬೆರಳಿಗೆ ಟಕ್ಕಂತ ಬಡಿದರು.